ಅತ್ತಿಬೆಲೆಯ ಗಡಿಯಲ್ಲಿ ಸ್ಪೇನಿನ ರಾಗ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚಾಗಿ ಸಾಗಿದರೆ ಅತ್ತಿಬೆಲೆಯು ಸಿಕ್ಕುತ್ತದೆ. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರು ಹಿಂದೆ ಮೈಸೂರು ಸಂಸ್ಥಾನದ ಅಂಚಿನಲ್ಲಿದ್ದಿತು. ಇಲ್ಲಿಂದ ಮುಂದಕ್ಕೆ ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಯ ನೆಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗಲೂ ಈ ಗೆರೆಯು ಕದಲಲಿಲ್ಲ. ಹೊಸೂರು ಆಚೆಗೂ ಅತ್ತಿಬೆಲೆ ಈಚೆಗೂ ಉಳಿದುವು. ಗೆರೆಯು ಕಾಗದದ ಮೇಲೆ ಎಷ್ಟು ನೆಟ್ಟಗಿದ್ದರೂ ಜನರ ನಾಲಗೆಯ ಮೇಲೆ ಅದಕ್ಕೆ ಹಿಡಿತವಿಲ್ಲ. ಹೊಸೂರಿನ ಸುತ್ತಣ ಹಳ್ಳಿಗಳಲ್ಲಿ ಕನ್ನಡವನ್ನೂ ತೆಲುಗನ್ನೂ ಮನೆಮಾತಾಗಿ ಉಳ್ಳವರು ಇಂದಿಗೂ ಅನೇಕರಿದ್ದಾರೆ. ಅತ್ತಿಬೆಲೆಯ ಸಂತೆಯಲ್ಲಿ ಒಬ್ಬಳೇ ಹೂವಾಡಗಿತ್ತಿಯು ಗಿರಾಕಿಯ ಮುಖವನ್ನು ನೋಡಿ ಮೂರು ಭಾಷೆಗಳಲ್ಲಿ ಬೆಲೆ ಹೇಳುವುದನ್ನು ಕೇಳಬಹುದು. ಬೆಲೆ ಮಾತ್ರ ಮೂರರಲ್ಲಿಯೂ ಒಂದೇ.

ಈಗ ಇದು ಕಾರಖಾನೆಗಳ ಊರು. ಹೆದ್ದಾರಿಯ ಇಕ್ಕೆಲದಲ್ಲಿಯೂ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಒರಿಸ್ಸಾ, ಬಿಹಾರಗಳಿಂದ ಕೆಲಸಕ್ಕೆ ಬಂದ ಯುವಕರು ಚಹದ ಅಂಗಡಿಗಳ ಮುಂದೆ ಗುಂಪುಗೂಡಿರುತ್ತಾರೆ. ನೋಡತಕ್ಕ ಪ್ರೇಕ್ಷಣೀಯ ಸ್ಥಳಗಳನ್ನು ಹುಡುಕುವವನಿಗೆ ಇಲ್ಲಿ ಹೆಚ್ಚೇನೂ ದೊರೆಯಲಾರದು. ನಾವು ಹೋದದ್ದು ನೋಡುವುದಕ್ಕಲ್ಲ, ಒಂದು ಮದುವೆಗೆ. ಆದರೆ ಅಲ್ಲಿ ಕೇಳಿದ ಒಂದು ಸಂಗತಿಯು ನಮ್ಮನ್ನು ಬಹುದೂರ ಕರೆದೊಯ್ದುದರಿಂದ ವಾಚಕರ ಮುಂದಿಡಬೇಕೆನ್ನಿಸಿತು.

ಛತ್ರದಲ್ಲಿ ಓಲಗಕ್ಕೆ ಬಂದಿದ್ದವರು ಗಡಿಯಾಚೆಯವರು. ನಾಗಸ್ವರ ಇಬ್ಬರು, ಡೋಲು ಒಬ್ಬರು, ತಾಳಕ್ಕೊಬ್ಬ ಹುಡುಗ. ಧಾರೆಯಾದ ಮೇಲೆ, ಎಲೆ ಹಾಕುವ ಮೊದಲು, ಹಿರಿಯ ನಾಗಸ್ವರದವರು ಇಂಗ್ಲಿಷ್ ನೋಟನ್ನು ಎತ್ತಿಕೊಂಡರು. ಶಂಕರಾಭರಣದ ಸ್ವರಗಳು ಗಮಕವಿಲ್ಲದೆ, ಸಿಪಾಯಿಗಳ ನಡಿಗೆಯಂತೆ ಒಂದರ ಹಿಂದೊಂದು ಬರತೊಡಗಿದುವು. ಮಕ್ಕಳೆಲ್ಲ ಓಡಿಬಂದು ನಿಂತರು. ವರನ ಸೋದರಮಾವನವರಿಗೆ ಮಾತ್ರ ಇದು ಹಿಡಿಸಲಿಲ್ಲ.

"ಏನ್ರೀ ಇದು, ಮಂಗಳ ಕಾರ್ಯದಲ್ಲಿ ದೊರೆಗಳ ಬ್ಯಾಂಡು? ತೋಡಿ ಊದಿ, ಕಲ್ಯಾಣಿ ಊದಿ. ಇದು ನಮ್ಮದಲ್ಲವಲ್ಲ!" ಎಂದರು.

ಓಲಗದವರು ವಾದ್ಯವನ್ನು ಕೆಳಗಿಳಿಸಿ, ತಮಿಳಿನ ಎಳೆತವಿದ್ದ ಕನ್ನಡದಲ್ಲಿ ಬಹಳ ವಿನಯದಿಂದ, "ನಮ್ಮ ತಾತ ಊದುತ್ತಿದ್ದರು ಸ್ವಾಮಿ, ನಮ್ಮ ತಂದೆ ಊದುತ್ತಿದ್ದರು, ನಾನೂ ಊದುತ್ತೇನೆ. ಇನ್ನು ಎಷ್ಟು ತಲೆ ಕಳೆದರೆ ನಮ್ಮದಾಗುತ್ತದೆ, ತಾವೇ ಹೇಳಬೇಕು" ಎಂದರು. ಸೋದರಮಾವನವರು ನಕ್ಕುಬಿಟ್ಟರು. ನೋಟು ಮುಂದುವರಿಯಿತು.

ಊಟವಾದ ಮೇಲೆ ಅವರನ್ನು ಮಾತಿಗೆಳೆದೆವು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿವಾದವು ಉಲ್ಬಣಿಸಿ ಎರಡು ಕಡೆಯ ಬಸ್ಸುಗಳೂ ಈ ಗಡಿಯಲ್ಲಿಯೇ ನಿಂತುಹೋದಾಗ, ಜನರು ಗಂಟುಮೂಟೆಗಳನ್ನು ಹೊತ್ತು, ಮಕ್ಕಳ ಕೈ ಹಿಡಿದು, ಕಾಲ್ನಡಿಗೆಯಲ್ಲಿ ಗಡಿ ದಾಟುತ್ತಿದ್ದುದನ್ನು ವಾಚಕರು ಮರೆತಿರಲಾರರು. ಆಗ ಈಚೆಯ ಒಂದು ಬೀದಿಯ ಗಣಪತಿಯ ಮೆರವಣಿಗೆಗೆ ಇವರು ಒಪ್ಪಿಕೊಂಡಿದ್ದರಂತೆ. ಮುಂಗಡವನ್ನು ಹಿಂದಕ್ಕೆ ಕೊಡಲು ಮನಸ್ಸಾಗದೆ, ಡೋಲನ್ನು ಹೆಗಲಿಗೇರಿಸಿ ಜೂಜುವಾಡಿಯಿಂದ ಅತ್ತಿಬೆಲೆಯವರೆಗೆ ನಡೆದೇ ಬಂದರಂತೆ. "ಯಾರಾದರೂ ತಡೆದರೇ?" ಎಂದು ಕೇಳಿದೆವು. "ಡೋಲು ನೋಡಿ ದಾರಿ ಬಿಟ್ಟರು" ಎಂದಷ್ಟೇ ಹೇಳಿ, ತಾಂಬೂಲದ ಚೀಲವನ್ನು ತೆಗೆದುಕೊಂಡು ಹೊರಟರು.

ನಮ್ಮೊಡನೆ ಮದುವೆಗೆ ಬಂದಿದ್ದ ಪಿಟೀಲು ಮೇಷ್ಟರು ಅದುವರೆಗೆ ಸುಮ್ಮನಿದ್ದು, ಆಮೇಲೆ ಈ ನೋಟಿನ ಪೂರ್ವೋತ್ತರವನ್ನು ತಿಳಿಸಿದರು. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕಡೆಯಲ್ಲಿದ್ದಾಗ ಕಂಪೆನಿಯವರ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು. ಇಂತಹ ನೋಟುಸ್ವರ ಸಾಹಿತ್ಯಗಳು ಸುಮಾರು 40 ಉಳಿದಿವೆ. ಇಂಗ್ಲೆಂಡಿನ ರಾಜಗೀತೆಯ ಮಟ್ಟು ಕೂಡ ಅವುಗಳಲ್ಲಿ ಒಂದಾಗಿ ದೇವೀಸ್ತುತಿಯಾಗಿದೆ. ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಪರಂಗಿಯವರ ಪಿಟೀಲನ್ನೇ ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಇನ್ನೂರು ವರ್ಷಗಳ ಮೇಲೆ ಇಂದು ಪಿಟೀಲಿಲ್ಲದೆ ಒಂದು ಕಛೇರಿಯೂ ನಡೆಯದು. "ಸೋದರಮಾವನವರು ಆ ಲೆಕ್ಕದಲ್ಲಿ ನನ್ನನ್ನೂ ಛತ್ರದಿಂದ ಹೊರಗೆ ಹಾಕಬೇಕಾಗಿತ್ತು" ಎಂದು ಮೇಷ್ಟರು ನಕ್ಕರು.

ಈ ಮಾತಿನಿಂದ ನಮಗೆ ನೆನಪಾದುದು ರಷ್ಯಾ ದೇಶದ ಸಂಗೀತ. ಬಸ್ಸಿಗೆ ಇನ್ನೂ ಹೊತ್ತಿದ್ದಿತು. ಛತ್ರದ ಜಗುಲಿಯ ಮೇಲೆ ಕುಳಿತು ಮೇಷ್ಟರಿಗೆ ಆ ಕಥೆಯನ್ನು ಹೇಳಿದೆವು. ಕಿಸೆಯ ಫೋನಿನಲ್ಲಿ ಒಂದೆರಡು ಕೃತಿಗಳನ್ನು ಕೇಳಿಸಿದೆವು.

ಯೂರೋಪಿನ ಭೂಪಟವನ್ನು ಬಿಡಿಸಿದರೆ ರಷ್ಯಾ ಒಂದು ತುದಿ, ಸ್ಪೇನ್ ಮತ್ತೊಂದು ತುದಿ. ಒಂದು ಹಿಮದ ನಾಡು, ಇನ್ನೊಂದು ಬಿಸಿಲಿನ ನಾಡು. ನಡುವೆ ಎಷ್ಟೋ ರಾಜ್ಯಗಳು, ಎಷ್ಟೋ ಭಾಷೆಗಳು. ಆದರೂ ಹತ್ತೊಂಬತ್ತನೆಯ ಶತಮಾನದ ರಷ್ಯಾದ ವಾಗ್ಗೇಯಕಾರರು ಸ್ಪೇನಿನ ಮಟ್ಟುಗಳಿಗೆ ಮನಸೋತಷ್ಟು ತಮ್ಮ ನೆರೆಯವರ ಮಟ್ಟುಗಳಿಗೆ ಸೋತಂತೆ ಕಾಣುವುದಿಲ್ಲ. ಇದಕ್ಕೆ ರಾಜಕೀಯವಾದ ಕಾರಣವೂ ಸ್ವಲ್ಪ ಉಂಟು. ನೆಪೋಲಿಯನ್ನನು 1808ರಲ್ಲಿ ಸ್ಪೇನಿನ ಮೇಲೂ 1812ರಲ್ಲಿ ರಷ್ಯಾದ ಮೇಲೂ ದಂಡೆತ್ತಿ ಹೋದನು. ಎರಡು ಕಡೆಯೂ ಸಾಮಾನ್ಯ ಜನರೇ ಎದ್ದು ನಿಂತರು. ಒಬ್ಬನೇ ವೈರಿಯಿಂದ ನೊಂದ ಇಬ್ಬರಲ್ಲಿ ಸ್ನೇಹವುಂಟಾಗುವುದು ಸಹಜವೇ. ಇದರ ಜೊತೆಗೆ ಕವಿ ಪುಷ್ಕಿನ್ನನು ಸ್ಪೇನಿಗೆ ಎಂದೂ ಕಾಲಿಡದೆಯೇ ಸ್ಪೇನಿನ ಇರುಳು, ಕಿಟಕಿ, ಕತ್ತಿ, ಗಿಟಾರುಗಳನ್ನು ಕುರಿತು ಪದ್ಯಗಳನ್ನು ಬರೆದನು. ಅವುಗಳಲ್ಲಿ ಇನೆಜಿಲ್ಯ ಎಂಬ ಹೆಣ್ಣನ್ನು ಕಿಟಕಿಯ ಕೆಳಗಿನಿಂದ ಕೂಗುವ ಒಂದು ಪದ್ಯಕ್ಕೆ ಮಿಖಾಯಿಲ್ ಗ್ಲಿಂಕಾ ಎಂಬ ತರುಣನು 1830ರ ದಶಕದಲ್ಲಿ ಮಟ್ಟು ಹಾಕಿದನು. ಆಗ ಗ್ಲಿಂಕನೂ ಸ್ಪೇನನ್ನು ನೋಡಿದವನಲ್ಲ. ಅದೊಂದು ಕನಸಿನ ಸ್ಪೇನ್.

ಈ ಗ್ಲಿಂಕನು (1804–1857) ರಷ್ಯಾದ ಸಂಗೀತಕ್ಕೆ ಪಿತಾಮಹನೆಂದು ಪ್ರಸಿದ್ಧನಾದವನು. ಅವನ ಮೊದಲ ಸಂಗೀತನಾಟಕವನ್ನು 1836ರಲ್ಲಿ ಜನರು ತಲೆಯ ಮೇಲೆ ಹೊತ್ತರು. 1842ರಲ್ಲಿ ಬಂದ ಎರಡನೆಯದಕ್ಕೆ ಅಷ್ಟು ಆದರ ದೊರೆಯಲಿಲ್ಲ. ಮನಸ್ಸು ಮುರಿದು ಅವನು ದೇಶವನ್ನು ಬಿಟ್ಟು ಹೊರಟು, ಪ್ಯಾರಿಸ್ಸಿನಲ್ಲಿ ಕೆಲವು ಕಾಲವಿದ್ದು, 1845ರಲ್ಲಿ ಸ್ಪೇನನ್ನು ಸೇರಿದನು. ಎರಡು ವರ್ಷ ಅಲ್ಲಿಯೇ ನಿಂತನು. ಅವನು ಅಲ್ಲಿ ಮಾಡಿದ ಕೆಲಸವನ್ನು ಗಮನಿಸಬೇಕು. ಮೊದಲು ಭಾಷೆಯನ್ನು ಕಲಿತನು. ಊರಿನ ನಾಟಕಶಾಲೆಗಳಲ್ಲಿ ಇಟಲಿಯ ಪದ್ಧತಿಯ ಹಾಡುಗಳೇ ತುಂಬಿದ್ದುದರಿಂದ ಅವುಗಳನ್ನು ಬಿಟ್ಟು, ಸಂಜೆ ತನ್ನ ಬಿಡಾರಕ್ಕೆ ಹಾಡುವವರನ್ನೂ ಗಿಟಾರು ಬಾರಿಸುವವರನ್ನೂ ಕರೆಯಿಸಿಕೊಂಡನು. ಬಂದವರು ದೊಡ್ಡ ವಿದ್ವಾಂಸರಲ್ಲ. ವಾಯದೊಲೀದ್ ಎಂಬ ಊರಿನಲ್ಲಿ ಒಬ್ಬ ಗಿಟಾರಿನವನು ಹೋತಾ ಎಂಬ ಕುಣಿತದ ಮಟ್ಟನ್ನು ಬಗೆಬಗೆಯಾಗಿ ನುಡಿಸಿ ತೋರಿಸಿದನು. (ನಮ್ಮ ಭಾಷೆಯಲ್ಲಿ ಹೋತವೆಂದರೆ ಬೇರೆ ಅರ್ಥವುಂಟು, ಮೇಷ್ಟರು ಇದನ್ನು ಕೇಳಿ ಬಹಳ ಹೊತ್ತು ನಗುತ್ತಿದ್ದರು.) ಹೋತಾ ಅರಗೋನ್ ಸೀಮೆಯ ಕುಣಿತ, ನಡೆ ಮೂರರದು. ಕುಣಿಯುವವರು ಬೆರಳುಗಳಿಗೆ ಮರದ ಪುಟ್ಟ ಚಿಪ್ಪುಗಳನ್ನು ಕಟ್ಟಿಕೊಂಡು, ನಮ್ಮ ಹರಿದಾಸರು ಚಿಟಿಕೆ ಹಾಕುವಂತೆ ತಾಳ ಹಾಕುತ್ತಾರೆ. ಮ್ಯಾಡ್ರಿಡ್ಡಿನಲ್ಲಿ ಹೇಸರಗತ್ತೆಗಳನ್ನು ಹೊಡೆಯುವ ಒಬ್ಬ ಬಂಡಿಯಾಳು ಬಂದು ಹಾಡಿದ ಹಾಡುಗಳನ್ನು ಗ್ಲಿಂಕನು ತನ್ನ ಪುಸ್ತಕದಲ್ಲಿ ಬರೆದುಕೊಂಡನು.

ಗ್ರನಾಡಾ ನಗರದಲ್ಲಿ ಮುರ್ಸಿಯಾನೊ ಎಂದು ಹೆಸರಾದ ಗಿಟಾರು ವಾದಕನೊಬ್ಬನಿದ್ದನು. ಗ್ಲಿಂಕನು ಕಾಗದ ಸೀಸದಕಡ್ಡಿಗಳನ್ನು ಹಿಡಿದು ಅವನ ಮುಂದೆ ಕುಳಿತು, ನುಡಿಸಿದುದನ್ನು ಮತ್ತೊಮ್ಮೆ ನುಡಿಸೆಂದು ಕೇಳಿದರೆ, ಅವನು ಪ್ರತಿಯೊಂದು ಸಲವೂ ಬೇರೆಯಾಗಿಯೇ ನುಡಿಸುತ್ತಿದ್ದನೆಂದೂ, ಕೊನೆಗೆ ಗ್ಲಿಂಕನು ಬರೆಯುವುದನ್ನು ಬಿಟ್ಟು ಸುಮ್ಮನೆ ಕೇಳುತ್ತ ಕುಳಿತನೆಂದೂ ಸ್ಪೇನಿನವರು ಹೇಳಿಕೊಂಡು ಬಂದಿದ್ದಾರೆ. ಈ ಭಾಗಕ್ಕೆ ಬಂದಾಗ ಮೇಷ್ಟರು ನೆಟ್ಟಗೆ ಕುಳಿತರು. "ಅದು ಮನೋಧರ್ಮ! ಕಲ್ಪನಾಸ್ವರವನ್ನು ಇನ್ನೊಂದು ಸಲ ಹಾಗೆಯೇ ಹಾಕಿ ಎಂದರೆ ಯಾವ ವಿದ್ವಾಂಸನು ತಾನೇ ಹಾಕಬಲ್ಲ?" ಎಂದರು.

ಹೀಗೆ ಕೂಡಿಸಿದ ಸಾಮಗ್ರಿಯಿಂದ ಗ್ಲಿಂಕನು ರಚಿಸಿದ್ದು ಎರಡೇ ಕೃತಿಗಳು: 1845ರ 'ಹೋತಾ ಅರಗೊನೇಸಾ', ಮತ್ತು 1848ರಲ್ಲಿ ಬರೆದು 1851ರಲ್ಲಿ ತಿದ್ದಿದ 'ಮ್ಯಾಡ್ರಿಡ್ಡಿನ ಬೇಸಗೆಯ ಇರುಳು'. ಆ ಬಂಡಿಯಾಳಿನ ಹಾಡು ಎರಡನೆಯದರೊಳಗೆ ಸೇರಿದೆ. ಮೊದಲನೆಯದನ್ನು ಮೇಷ್ಟರಿಗೆ ಕೇಳಿಸಿದೆವು. ಆರಂಭದಲ್ಲಿ ತುತ್ತೂರಿಗಳ ಗಂಭೀರವಾದ ಘೋಷ. ಅದು ನಿಂತೊಡನೆಯೇ ಪಿಟೀಲಿನವರೆಲ್ಲರೂ ಕಮಾನನ್ನು ಬಿಟ್ಟು ತಂತಿಗಳನ್ನು ಬೆರಳಿನಿಂದ ಮೀಟತೊಡಗುತ್ತಾರೆ. ಇಡೀ ವಾದ್ಯಗೋಷ್ಠಿಯೇ ಒಂದು ಗಿಟಾರಾಗುತ್ತದೆ. ಮಟ್ಟು ಒಂದೇ, ಅದು ಒಂದು ವಾದ್ಯದಿಂದ ಮತ್ತೊಂದಕ್ಕೆ ದಾಟುತ್ತ, ಪ್ರತಿಸಲವೂ ಬಟ್ಟೆ ಬದಲಾಯಿಸಿಕೊಂಡು ಬರುತ್ತದೆ. ಮೇಷ್ಟರು ತೊಡೆಯ ಮೇಲೆ ತಿಶ್ರ ನಡೆಯನ್ನು ಹಾಕುತ್ತಲೇ ಇದ್ದರು.

ಸ್ಪೇನಿನ ದಕ್ಷಿಣ ಸೀಮೆಯ ಹಾಡುಗಳು ನಮ್ಮ ಕಿವಿಗೆ ಅಪರಿಚಿತವೆನಿಸದಿರುವುದಕ್ಕೆ ಒಂದು ಶಾಸ್ತ್ರೀಯ ಕಾರಣವಿದೆಯೆಂದು ಮೇಷ್ಟರು ಬೆರಳೆಣಿಸಿ ತೋರಿಸಿದರು. ನಮ್ಮ ಮನೆಗಳಲ್ಲಿ ಮಕ್ಕಳು ಬೆಳಗ್ಗೆ ಸರಳೆ ವರಿಸೆಯನ್ನು ಸಾಧನೆ ಮಾಡುವುದು ಮಾಯಾಮಾಳವಗೌಳ ರಾಗದಲ್ಲಿ. ಪುರಂದರದಾಸರೇ ಈ ಕ್ರಮವನ್ನು ಹಾಕಿಕೊಟ್ಟರೆಂದು ಸಂಪ್ರದಾಯ. ಶುದ್ಧ ರಿಷಭ, ಅದರ ಮೇಲೆ ಒಮ್ಮೆಲೇ ಎತ್ತರಕ್ಕೆ ಹಾರಿದ ಅಂತರ ಗಾಂಧಾರ: ಇವೆರಡರ ನಡುವಣ ಆ ದೊಡ್ಡ ಜಿಗಿತವೇ ರಾಗದ ಜೀವ. ಆ ರಾಗದ ಕಾಕಲಿ ನಿಷಾದವೊಂದನ್ನು ಕೈಶಿಕಿ ನಿಷಾದವಾಗಿ ಇಳಿಸಿದರೆ ವಕುಳಾಭರಣವಾಗುತ್ತದೆ. ಸ್ಪೇನಿನ ದಕ್ಷಿಣದವರ ಹಾಡುಗಳಲ್ಲಿ ಮೇಲಿಂದ ಮೇಲೆ ಬರುವ ಸ್ವರಶ್ರೇಣಿಯೂ ಇದೇ. ಅರಬರು ಶತಮಾನಗಳ ಕಾಲ ಆಳಿದ ಆ ನೆಲಕ್ಕೂ ನಮಗೂ ಯಾವ ದಾರಿಯಿಂದ ನಂಟಾಯಿತೆಂಬ ವಾದವನ್ನು ಪಂಡಿತರಿಗೆ ಬಿಡೋಣ. ಕಿವಿಯಂತೂ ಗುರುತು ಹಿಡಿಯುತ್ತದೆ.

ಗ್ಲಿಂಕನು ತೋರಿದ ದಾರಿಯಲ್ಲಿ ಅನೇಕರು ನಡೆದರು. ಅವನು ತನ್ನ ಕೊನೆಗಾಲದಲ್ಲಿ ತರುಣ ಬಲಾಕಿರೆವ್‌ನಿಗೆ ಸ್ಪೇನಿನ ಒಂದು ನಡಿಗೆಯ ಮಟ್ಟನ್ನು ಕೊಟ್ಟು ಬೆಳೆಸೆಂದನು. ಅದು 1857ರಲ್ಲಿ ಒಂದು ಕೃತಿಯಾಯಿತು. ಚೈಕೋವ್‌ಸ್ಕಿಯು 1877ರ 'ಹಂಸಸರೋವರ'ದಲ್ಲಿಯೂ 1892ರ 'ನಟ್‌ಕ್ರ್ಯಾಕರ್' ನೃತ್ಯನಾಟಕದಲ್ಲಿಯೂ ಒಂದೊಂದು ಸ್ಪೇನ್ ಕುಣಿತವನ್ನಿಟ್ಟಿದ್ದಾನೆ. ಎರಡನೆಯದರಲ್ಲಿ ಆ ಕುಣಿತಕ್ಕೆ ಚಾಕೊಲೇಟು ಎಂದು ಹೆಸರು. ಅವು ಚೆನ್ನಾಗಿವೆ, ಆದರೆ ಔತಣದಲ್ಲಿ ಬಡಿಸಿದ ಒಂದು ಮಿಠಾಯಿಯಂತೆ ಬಾಯಲ್ಲಿ ಕರಗಿಹೋಗುತ್ತವೆ.

ರಿಮ್‌ಸ್ಕಿ-ಕೊರ್ಸಕೋವನ ವಿಷಯವು ಬೇರೆ. ಇವನು ಮೊದಲು ನೌಕಾದಳದಲ್ಲಿದ್ದವನು. 1860ರ ದಶಕದಲ್ಲಿ ಹಡಗಿನ ಮೇಲೆ ಲೋಕ ಸುತ್ತುತ್ತಿದ್ದಾಗ ಕಾದಿಸ್ ಎಂಬ ಸ್ಪೇನಿನ ರೇವಿನಲ್ಲಿ ಕೆಲವೇ ದಿನ ನಿಂತಿದ್ದನು. ಅವನು ಕಂಡ ಸ್ಪೇನ್ ಅಷ್ಟೇ. 1887ರಲ್ಲಿ ತನ್ನ ಪ್ರಸಿದ್ಧವಾದ 'ಕಪ್ರೀಚ್ಯೊ ಎಸ್ಪಞೋಲ್' ಎಂಬ ಐದು ಖಂಡಗಳ ಕೃತಿಯನ್ನು ಬರೆದಾಗ, ಮಟ್ಟುಗಳನ್ನೆಲ್ಲ ಹೋಸೆ ಇನ್ಸೆಂಗ ಎಂಬ ಸ್ಪೇನಿನವನು ಅಚ್ಚು ಹಾಕಿಸಿದ್ದ ಜನಪದ ಗೀತೆಗಳ ಸಂಗ್ರಹದಿಂದ ತೆಗೆದುಕೊಂಡನು. ಮೊದಲು ಅದನ್ನು ಒಂಟಿ ಪಿಟೀಲಿಗಾಗಿ ಬರೆಯಬೇಕೆಂದಿದ್ದು, ಆಮೇಲೆ ಇಡೀ ವಾದ್ಯಗೋಷ್ಠಿಗೆ ವಿಸ್ತರಿಸಿದನು. ಪೀಟರ್ಸ್‌ಬರ್ಗಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಒಂದೊಂದು ಖಂಡ ಮುಗಿದಾಗಲೂ ವಾದ್ಯಗಾರರೇ ಚಪ್ಪಾಳೆ ತಟ್ಟಿದರು. ಅವನು ಸಂತೋಷಪಟ್ಟು ಕೃತಿಯನ್ನು ಆ ವಾದ್ಯಗಾರರಿಗೇ ಅರ್ಪಿಸಿ, ಅವರೆಲ್ಲರ ಹೆಸರುಗಳನ್ನೂ ಅಚ್ಚಿನ ಪ್ರತಿಯ ಮೊದಲಲ್ಲಿ ಸೇರಿಸಿದನು. ಹಿಂದಿನ ಸಾಲಿನಲ್ಲಿ ಕುಳಿತು ಡೋಲು ಬಡಿಯುವವನಿಗೂ ಅಲ್ಲಿ ಹೆಸರಿದೆಯೆಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಲಗ್ನಪತ್ರಿಕೆಗಳಲ್ಲಿ ಓಲಗದವರ ಹೆಸರನ್ನು ಎಂದಾದರೂ ಕಂಡದ್ದುಂಟೆ?

ಮಣ್ಣಿನಲ್ಲಿ ಕುಳಿತು ಬಂಡಿಯಾಳಿನಿಂದ ಕೇಳಿ ಬರೆದವನ ಕೃತಿ ಮೇಲೋ, ಪುಸ್ತಕದಿಂದ ಎತ್ತಿಕೊಂಡವನ ಕೃತಿ ಮೇಲೋ ಎಂದು ಮೇಷ್ಟರು ಪ್ರಶ್ನಿಸಿದರು. ಎರಡನ್ನೂ ಕೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು: ಬೆರಗಿಗೆ ರಿಮ್‌ಸ್ಕಿ, ಸ್ನೇಹಕ್ಕೆ ಗ್ಲಿಂಕಾ. ಕಪ್ರೀಚ್ಯೊ ದೀಪಾವಳಿಯ ಬಾಣಬಿರುಸಿನಂತೆ; ಕಣ್ಣು ಕಿವಿಗಳೆರಡನ್ನೂ ತುಂಬುತ್ತದೆ. ಗ್ಲಿಂಕನ ಇರುಳಿನ ಕೃತಿಯಲ್ಲಿ ದೂರದ ಬೀದಿಯಿಂದ ಹಾಡೊಂದು ಬಂದು, ಹತ್ತಿರವಾಗಿ, ಮತ್ತೆ ದೂರವಾದಂತೆ ತೋರುತ್ತದೆ. ಹಾಡಿದವನ ಗುರುತು ಉಳಿದಿದೆ. ಮೇಷ್ಟರು ಒಪ್ಪಲಿಲ್ಲ. "ದೀಕ್ಷಿತರು ಬ್ಯಾಂಡಿನವರೊಡನೆ ಊಟ ಮಾಡಿದ್ದರೇ? ಕಿವಿ ಒಳ್ಳೆಯದಿದ್ದರೆ ಸಾಕು" ಎಂದರು. ಅವರ ಮಾತನ್ನೂ ತೆಗೆದುಹಾಕುವಂತಿಲ್ಲ.

ಸಾಲವನ್ನು ತೀರಿಸಿದುದೂ ಉಂಟು. ಹೊರಗಿನವನೊಬ್ಬನು ಬಂದು ತಮ್ಮ ಬಂಡಿಯಾಳುಗಳ ಹಾಡನ್ನು ದೊಡ್ಡ ವಾದ್ಯಗೋಷ್ಠಿಗೆ ಏರಿಸಿದುದನ್ನು ನೋಡಿದ ಮೇಲೆ ಸ್ಪೇನಿನ ವಿದ್ವಾಂಸರಿಗೂ ತಮ್ಮ ಹಳ್ಳಿಯ ಹಾಡಿನ ಕಡೆಗೆ ಗೌರವ ಬೆಳೆಯಿತು. ಅವರಲ್ಲಿ ಅಗ್ರಗಣ್ಯನಾದ ಮನ್ವೆಲ್ ದ ಫಾಯನು 1922ರಲ್ಲಿ ಗ್ರನಾಡಾ ನಗರದಲ್ಲಿ ಜನಪದ ಗಾಯಕರ ಸ್ಪರ್ಧೆಯನ್ನು ಏರ್ಪಡಿಸಿದಾಗ, ಆ ಸಂಬಂಧವಾದ ಲೇಖನದಲ್ಲಿ ಗ್ಲಿಂಕನನ್ನು ಸ್ಮರಿಸಿದ್ದಾನೆ. ಅದಕ್ಕೆ ಮೂರು ವರ್ಷ ಮೊದಲು, 1919ರಲ್ಲಿ, ಫಾಯನ 'ಮುಮ್ಮೂಲೆಯ ಟೋಪಿ' ಎಂಬ ನೃತ್ಯನಾಟಕವನ್ನು ಲಂಡನ್ನಿನಲ್ಲಿ ರಂಗದ ಮೇಲೆ ತಂದವರು ದ್ಯಾಗಿಲೆವನ ರಷ್ಯನ್ ಮೇಳದವರು.

ಇಷ್ಟೆಲ್ಲ ದೂರದ ಕಥೆಯಾಯಿತು; ನಮ್ಮ ನಾಡಿಗೂ ಇದಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದೂ ಅತ್ತಿಬೆಲೆಯ ಈ ಗಡಿಯವರೆಗೆ ಆಳುತ್ತಿದ್ದ ಅರಸರ ಮೂಲಕ. ನಿಕೊಲಾಯ್ ಮೆಟ್ನರ್ ಎಂಬಾತನು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ರಷ್ಯನ್ ವಾಗ್ಗೇಯಕಾರನು, ದೊಡ್ಡ ಪಿಯಾನೋ ವಾದಕನು. ಕ್ರಾಂತಿಯ ಅನಂತರ 1921ರಲ್ಲಿ ದೇಶವನ್ನು ಬಿಟ್ಟು, ಊರೂರು ಅಲೆದು, ಕೊನೆಗೆ ಲಂಡನ್ನಿನಲ್ಲಿ ನೆಲಸಿದನು. ಹೊಸ ಪದ್ಧತಿಗಳಿಗೆ ಒಗ್ಗದ ಅವನ ಸಂಗೀತವನ್ನು ಕೇಳುವವರು ಕಡಿಮೆ. ಕೈಯಲ್ಲಿ ಹಣವೂ ಕಡಿಮೆ. ಅವನ ಹಾಡುಗಳಲ್ಲಿ 1920ರ ದಶಕದ ಕೊನೆಯ ಒಂದು ಗುಚ್ಛದೊಳಗೆ 'ಸ್ಪೇನಿನ ಪ್ರಣಯಗೀತ' ಎಂಬುದೂ, ಅದರ ಮಗ್ಗುಲಲ್ಲಿಯೇ ಇನೆಜಿಲ್ಯಳನ್ನು ಕೂಗುವ ಪುಷ್ಕಿನ್ನನ ಅದೇ ಪದ್ಯವೂ ಇವೆ. ಗ್ಲಿಂಕನು ಕನಸಿನಲ್ಲಿ ಕಂಡ ಸ್ಪೇನನ್ನು ಸುಮಾರು ತೊಂಬತ್ತು ವರ್ಷಗಳ ಮೇಲೆ ಮತ್ತೊಬ್ಬ ರಷ್ಯನ್ನನು ಪರದೇಶದಲ್ಲಿ ಕುಳಿತು ಕಂಡನು.

ಆ ಕಾಲಕ್ಕೆ ಮೈಸೂರಿನಲ್ಲಿ ಪಾಶ್ಚಾತ್ಯ ಸಂಗೀತವು ಹೊಸದಲ್ಲ. ವೀಣೆ ಶೇಷಣ್ಣನವರಂತಹ ವೈಣಿಕ ಶಿಖಾಮಣಿಗಳೇ ಪಿಯಾನೋ ನುಡಿಸಬಲ್ಲವರಾಗಿದ್ದರು. ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಯೂ ಕರ್ನಾಟಕ ಬ್ಯಾಂಡೂ ಇದ್ದುವು. 1940ರಲ್ಲಿ ಪಟ್ಟವನ್ನೇರಿದ ಶ್ರೀ ಜಯಚಾಮರಾಜ ಒಡೆಯರವರು ಪಿಯಾನೋ ವಾದನದಲ್ಲಿ ಪಳಗಿದವರು. ಮೆಟ್ನರನ ಸಂಗೀತವು ಅವರ ಮನಸ್ಸನ್ನು ಹಿಡಿಯಿತು. ಅವರು ದ್ರವ್ಯಸಹಾಯ ಮಾಡಿ, ಲಂಡನ್ನಿನಲ್ಲಿ ಮೆಟ್ನರ್ ಸಂಘವೆಂಬುದನ್ನು ಸ್ಥಾಪಿಸಿ, ಮುಪ್ಪಿನಲ್ಲಿ ಕಾಯಿಲೆಯಾಗಿದ್ದ ಆ ಕಲಾವಿದನು ತನ್ನ ಕೃತಿಗಳನ್ನು ತಾನೇ ನುಡಿಸಿ ಗ್ರಾಮಫೋನು ತಟ್ಟೆಗಳಲ್ಲಿ ಉಳಿಸುವಂತೆ ಮಾಡಿದರು. 1947 ಮತ್ತು 1948ರಲ್ಲಿ ಅವನ ಮೂರು ಪಿಯಾನೋ ಕಾಂಚೆರ್ಟೋಗಳೂ ಮುದ್ರಿತವಾದುವು. ಆ ಬಳಿಕ ಹಾಡುಗಳೂ ಕೆಲವು ಬಂದುವು. ಕೃತಜ್ಞತೆಯಿಂದ ಮೆಟ್ನರನು ಮೂರನೆಯ ಕಾಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ತೀರಿಕೊಂಡನು.

ಇಲ್ಲಿ ಮೇಷ್ಟರು ಎತ್ತಿದ ಒಂದು ಮಾತು ನಮಗೆ ಹೊಳೆದಿರಲಿಲ್ಲ. ಪಾಶ್ಚಾತ್ಯ ಸಂಗೀತವನ್ನು ಇಷ್ಟು ಬಲ್ಲ ಮಹಾರಾಜರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದಾರೆ. ಅವೆಲ್ಲವೂ ಸಂಸ್ಕೃತ ಸಾಹಿತ್ಯದ, ದೀಕ್ಷಿತರ ಮಾರ್ಗವನ್ನು ಹಿಡಿದ, ಅಚ್ಚ ಕರ್ನಾಟಕ ಸಂಪ್ರದಾಯದ ಕೃತಿಗಳು. ಆ ದೀಕ್ಷಿತರಾದರೋ ಮದರಾಸಿನಲ್ಲಿ ಬ್ಯಾಂಡು ಕೇಳಿ ನೋಟು ಬರೆದವರು! ಕೇಳಿದವರೆಲ್ಲರೂ ತೆಗೆದುಕೊಳ್ಳಲೇಬೇಕೆಂದಿಲ್ಲ. ಮಹಾರಾಜರು ಎರಡು ಮನೆಗಳಲ್ಲಿಯೂ ವಾಸ ಮಾಡಿದರು. ಒಂದರ ಸಾಮಾನನ್ನು ಇನ್ನೊಂದಕ್ಕೆ ಸಾಗಿಸಲಿಲ್ಲ.

ಸಂಜೆ ಐದರ ಬಸ್ಸನ್ನು ಹಿಡಿದು ಹೊರಟೆವು. ಮೆಟ್ನರನ ಮೂರನೆಯ ಕಾಂಚೆರ್ಟೋವನ್ನು, ಅವನೇ ನುಡಿಸಿದ್ದನ್ನು, ಆ ಹಳೆಯ ತಟ್ಟೆಯ ಸರಸರ ಸದ್ದಿನೊಡನೆ ಇಬ್ಬರೂ ಕಿವಿಗೆ ತಗುಲಿಸಿಕೊಂಡು ಕೇಳಿದೆವು. ಅದು ಅರ್ಧ ಗಂಟೆಗೂ ಮಿಕ್ಕಿದ ಕೃತಿ. ಹೆದ್ದಾರಿಯ ಲಾರಿಗಳ ಸಂದಣಿ ಎಷ್ಟಿದ್ದಿತೆಂದರೆ, ಕೃತಿಯು ಮುಗಿದಾಗ ನಾವಿನ್ನೂ ಬೊಮ್ಮಸಂದ್ರವನ್ನು ತಲಪಿರಲಿಲ್ಲ. ಅಲ್ಲಿಂದ 2025ರಲ್ಲಿ ಆರಂಭವಾದ ಮೆಟ್ರೋ ರೈಲು ಇರುವುದರಿಂದ, ಇಳಿದು ಅದನ್ನು ಹತ್ತಿದೆವು. ರೈಲಿನಲ್ಲಿ ಜಾಗ ಸಿಕ್ಕಿದೊಡನೆಯೇ ಮೇಷ್ಟರು ಫೋನನ್ನು ಕೇಳಿ ತೆಗೆದುಕೊಂಡು, ಆ ಬಂಡಿಯಾಳಿನ ಹಾಡನ್ನು ಮತ್ತೊಮ್ಮೆ ಹಾಕಿಸಿಕೊಂಡು, ಬಾಯಲ್ಲಿ ಸ್ವರ ಹೇಳಿಕೊಳ್ಳುತ್ತ ಹೊಗೆಬತ್ತಿ ಪೆಟ್ಟಿಗೆಯಷ್ಟು ಅಗಲದ ಚೀಟಿಯ ಮೇಲೆ ಬರೆಯತೊಡಗಿದರು.